ಹನ್ನೊಂದು ಆಲಿವ್

ಮನುಷ್ಯರ ಮುಖ ನನಗೆ ಅಷ್ಟಾಗಿ ನೆನಪಿರುವುದಿಲ್ಲ, ಕತ್ತಿನ ಹಿಂಭಾಗ ಮಾತ್ರ ಮರೆಯುವುದಿಲ್ಲ. ಮೂವತ್ತು ವರ್ಷ ಜನರ ಹಿಂದೆ ನಿಂತು ಕತ್ತರಿ ಆಡಿಸಿದವನಿಗೆ ಇನ್ನೇನು ಬಂದೀತು? ಬೀದಿಯಲ್ಲಿ ಎದುರಾಗಿ "ಏನ್ರೀ, ಚೆನ್ನಾಗಿದೀರಾ?" ಎಂದವರಿಗೆ ಹಲ್ಲು ಕಿರಿದು ಸುಮ್ಮನಾಗುತ್ತೇನೆ. ಅವರು ಹತ್ತು ಹೆಜ್ಜೆ ಮುಂದೆ ಹೋದ ಮೇಲೆ ತಿರುಗಿ ನೋಡಿ, ಓಹೋ, ಎರಡು ಸುಳಿಯ ಇಂಜಿನಿಯರು ಎಂದು ಗುರುತು ಹಿಡಿಯುತ್ತೇನೆ. "ನಮ್ಮಪ್ಪನ್ನೂ ಕುರ್ಚೀಲಿ ಕೂರಿಸಿ ತಿರುಗಿಸಿದ್ಮೇಲೇ ನಿಮಗೆ ಗೊತ್ತಾಗೋದು" ಎಂದು ನನ್ನ ಹೆಂಡತಿ ನೆಂಟರ ಮುಂದೆ ಮಾನ ಕಳೆಯುತ್ತಾಳೆ. ಅವಳು ಹೇಳುವುದರಲ್ಲಿ ಸುಳ್ಳೇನೂ ಇಲ್ಲ.

ಈ ಗುಣದಿಂದಲೇ ಬೆನ್ನು ಮಾಮನನ್ನು ಊರಿನಲ್ಲಿ ಎಲ್ಲರಿಗಿಂತ ಮೊದಲು ಗುರುತಿಸಿದವನು ನಾನು. ಅವರ ಕಥೆ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ, ಓದಿ ಮುಗಿಸಿದ ಮೇಲೆ ನೀವೇ ತೀರ್ಮಾನಿಸಿ.

ನನ್ನ ಸಲೂನಿನ ಹಿಂದಿನ ಬೀದಿಯಲ್ಲಿ, ಈಗ ಕನ್ನಡಕದ ಅಂಗಡಿ ಇರುವ ಜಾಗದಲ್ಲಿ, ಇಪ್ಪತ್ತೇಳು ವರ್ಷ ಒಂದು ಪಿಜ್ಜಾ ಅಂಗಡಿ ಇತ್ತು. ಕೂತು ತಿನ್ನಲು ಜಾಗವಿಲ್ಲ, ಪಾರ್ಸಲ್ ಮಾತ್ರ. ಬಾಗಿಲು ತೆರೆದರೆ ಮೂರು ಹೆಜ್ಜೆಗೆ ಕೌಂಟರು, ಅದರ ಮೇಲೊಂದು ಕೆಂಪು ಫೋನು, ಪಕ್ಕದಲ್ಲಿ ಎದೆಮಟ್ಟ ಪೇರಿಸಿದ ರಟ್ಟಿನ ಡಬ್ಬಿಗಳು. ಎತ್ತರದ ಸ್ಟೂಲಿನ ಮೇಲೆ ಕೂತ ಹೆಂಗಸನ್ನು ಊರೆಲ್ಲ ಫೋನಕ್ಕ ಎನ್ನುತ್ತಿತ್ತು. ಅವರ ಹಿಂದೆ ಸೊಂಟದೆತ್ತರದ ಒಂದು ಗೋಡೆ, ಅದರಾಚೆ ಹಿಟ್ಟಿನ ಮೇಜು, ಒಲೆ, ತಲೆಯ ಮೇಲೆ ಗುರ್ರೆನ್ನುವ ಹೊಗೆ ಫ್ಯಾನು. ಮೇಜಿಗೂ ಒಲೆಗೂ ಮುಖ ಮಾಡಿ, ನಮಗೆ ಬೆನ್ನು ಮಾಡಿ ನಿಂತಿರುತ್ತಿದ್ದವರು ಫೋನಕ್ಕನ ಗಂಡ. ಅವರು ತಿರುಗಿದ್ದನ್ನು ಕಂಡವರಿಲ್ಲ. ಒಂದು ಕ್ಷಣ ಕಣ್ಣು ತಪ್ಪಿದರೂ ಅಂಚು ಕರಕಲಾಗುತ್ತದಂತೆ, ಅದಕ್ಕೇ ಒಲೆಯಿಂದ ಕಣ್ಣು ಕೀಳುತ್ತಿರಲಿಲ್ಲ. ಪಿಜ್ಜಾ ಬೆಂದ ಮೇಲೆ ಡಬ್ಬಿಗೆ ಹಾಕಿ, ಹಾಗೇ ನಿಂತು ಬಲಗೈ ಹಿಂದಕ್ಕೆ ಚಾಚಿ ಗೋಡೆಯ ಮೇಲೆ ಇಡುತ್ತಿದ್ದರು. ಆ ಕೈ ಒಮ್ಮೆಯೂ ಗುರಿ ತಪ್ಪಲಿಲ್ಲ. ಹಾಗಾಗಿ ನಮಗೆ ಗೊತ್ತಿದ್ದದ್ದು ಬಿಳಿ ಬನಿಯನ್ನು, ಏಪ್ರನ್ನಿನ ದಾರ ಉಜ್ಜಿ ಉಜ್ಜಿ ಕತ್ತಿನ ಮೇಲೆ ಬಿದ್ದ ಒಂದು ಗೆರೆ, ಅದರ ಎಡಕ್ಕೆ ಮೆಣಸಿನಕಾಳಿನಷ್ಟು ದೊಡ್ಡ ಮಚ್ಚೆ. ಇಷ್ಟೇ ಬೆನ್ನು ಮಾಮ.

ಮದುವೆಯಾದ ಹೊಸದರಲ್ಲಿ ಫೋನಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದರು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಒಬ್ಬರ ತಂತಿ ಇನ್ನೊಬ್ಬರಿಗೆ ಜೋಡಿಸುವ ಕೆಲಸ. ಮಾಮ ಬ್ರೆಡ್ ಫ್ಯಾಕ್ಟರಿಯಲ್ಲಿ ಹಿಟ್ಟು ನಾದುತ್ತಿದ್ದರು. ಅಲ್ಲಿಗೂ ಇಲ್ಲಿಗೂ ಒಂದೇ ವರ್ಷ ಹೊಸ ಯಂತ್ರ ಬಂದು ಇಬ್ಬರಿಗೂ ಒಟ್ಟಿಗೆ ಕೆಲಸ ಹೋಯಿತು. ಮಾಮ ತಲೆ ಮೇಲೆ ಕೈ ಹೊತ್ತು ಕೂತಾಗ ಫೋನಕ್ಕ ಹೇಳಿದ್ದು ಇಷ್ಟು: "ನನಗೆ ದನಿ ಗೊತ್ತು, ನಿಮಗೆ ಹಿಟ್ಟು ಗೊತ್ತು. ಇವೆರಡೂ ಸೇರಿ ಏನಾಗತ್ತೋ ಅದನ್ನ ಮಾಡೋಣ." ಎರಡೂ ಸೇರಿ ಪಿಜ್ಜಾ ಅಂಗಡಿಯಾಯಿತು.

ಆ ಅಂಗಡಿಯಲ್ಲಿ ಚೀಟಿ ಎಂಬುದೇ ಇರಲಿಲ್ಲ. ಫೋನು ಎತ್ತಿದರೆ ನಾವು ಹೆಸರು ಹೇಳಬೇಕಿರಲಿಲ್ಲ, "ಹಲೋ" ಎಂದರೆ ಸಾಕು, ಫೋನಕ್ಕನಿಗೆ ಯಾರೆಂದು ಗೊತ್ತಾಗುತ್ತಿತ್ತು. ಯಾರೆಂದು ಗೊತ್ತಾದರೆ ಏನು ಬೇಕೆಂದೂ ಗೊತ್ತು. ಮನೆಮನೆಗೂ ಅವರೊಂದು ಅಡ್ಡಹೆಸರು ಇಟ್ಟಿದ್ದರು. ಗಂಡ ಹೆಂಡತಿ ಕಿತ್ತಾಡಿ ಯಾವಾಗಲೂ ಅರ್ಧಕ್ಕೊಂದು ಅರ್ಧಕ್ಕೊಂದು ಹಾಕಿಸಿಕೊಳ್ಳುವ ಮನೆಗೆ 'ಪಾಲಾದವರು'. ಎಷ್ಟು ಬಿಸಿ ಕೊಟ್ಟರೂ ಆರಿದೆ ಎನ್ನುವ ವಕೀಲರಿಗೆ 'ತಣ್ಣಗಿದೆ'. ಹತ್ತು ಸಲ 'ಸಾರಿ, ಸಾರಿ' ಎನ್ನುತ್ತಾ ಆರ್ಡರ್ ಬದಲಾಯಿಸುವ ಹೆಂಗಸಿಗೆ 'ಸಾರಿ ಮೇಡಂ'. ಫೋನು ಕಿವಿಯಲ್ಲಿದ್ದ ಹಾಗೇ "ರೀ!" ಎಂದು ಹಿಂದಕ್ಕೆ ಕೂಗುತ್ತಿದ್ದರು. ಮಾಮ ಒಂದು ಉಂಡೆ ಹಿಟ್ಟು ಮೇಜಿಗೆ ಹಾಕಿ, ಅದರ ಮೇಲೆ ಕೈ ಎತ್ತಿ ಹಿಡಿದು, ತಿರುಗದೇ "ಹೇಳೇ" ಎನ್ನುತ್ತಿದ್ದರು. "ತಣ್ಣಗಿದೆ!" ಎಂದು ಅಕ್ಕ. "ಆಯ್ತು" ಎಂದು ಮಾಮ. ಕೈ ಕೆಳಗಿಳಿಯುತ್ತಿತ್ತು. ದಿನಕ್ಕೆ ನೂರು ಸಲವೋ ಇನ್ನೂರು ಸಲವೋ ಇದೇ ನಾಲ್ಕು ಮಾತು. ಫೋನಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸ ಅಕ್ಕನಿಗಿರಲಿಲ್ಲವಾದ್ದರಿಂದ ಇದೆಲ್ಲ ನಮ್ಮ ಕಿವಿಗೂ ಬೀಳುತ್ತಿತ್ತು. ಗುಟ್ಟಾಗಿ ಹೆಸರಿಡುವ ಕಷ್ಟವನ್ನು ಅವರು ತೆಗೆದುಕೊಂಡಿರಲೇ ಇಲ್ಲ.

ನನ್ನ ಹೆಸರು 'ಹನ್ನೊಂದು ಆಲಿವ್'. ಅದನ್ನು ಸಂಪಾದಿಸಿದ್ದು ನನ್ನ ಬಾಯಿಂದಲೇ. ಹೊಸದರಲ್ಲಿ ಒಂದು ದಿನ ನನ್ನ ಪಿಜ್ಜಾದ ಮೇಲೆ ಮೂರೇ ಆಲಿವ್ ಇತ್ತು, ಅದೂ ಒಂದೇ ಮೂಲೆಯಲ್ಲಿ ಜಗಳ ಕಾಯುತ್ತಿದ್ದ ಹಾಗೆ. ನನಗೆ ಕೋಪ ಮೂಗಿನ ತುದಿಯಲ್ಲೇ. ಡಬ್ಬಿ ತೆಗೆದುಕೊಂಡು ಹೋಗಿ ಕೌಂಟರಿನ ಮೇಲೆ ಕುಕ್ಕಿ, "ಇದೇನು ಆಲಿವ್ ಹಾಕಿದ್ದೋ, ಆಲಿವ್ ತೋರಿಸಿದ್ದೋ?" ಎಂದು ಕೂಗಾಡಿದೆ. ಫೋನಕ್ಕ ಒಂದಿಷ್ಟೂ ಬಿಸಿಯಾಗಲಿಲ್ಲ. "ಎಷ್ಟು ಬೇಕಪ್ಪಾ ನಿನಗೆ? ಒಂದು ಲೆಕ್ಕ ಹೇಳಿಬಿಡು, ಸಾಯೋವರೆಗೂ ತಪ್ಪಲ್ಲ" ಎಂದರು. ಬಾಯಿಗೆ ಬಂದದ್ದು ಹನ್ನೊಂದು. ಮರುದಿನದಿಂದ ಹನ್ನೊಂದೇ. ಹತ್ತು ಸುತ್ತಲೂ, ಒಂದು ನಡುವೆ. ನಾನೂ ಜಿದ್ದಿಗೆ ಬಿದ್ದು ಪ್ರತಿ ಸಲ ಎಣಿಸಿದೆ. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ಆಮೇಲೆ ಎಣಿಸುವುದು ಬಿಟ್ಟೆ, ಅವರು ಹಾಕುವುದು ಬಿಡಲಿಲ್ಲ.

ಈಗ ನನ್ನ ಕುರ್ಚಿಯಲ್ಲಿ ಕೂತವರೆಲ್ಲ ಆ ಅಂಗಡಿಯನ್ನು ನೆನೆಸಿಕೊಂಡು ನಿಟ್ಟುಸಿರು ಬಿಡುತ್ತಾರೆ. "ಆ ರುಚಿ ಇನ್ನೆಲ್ಲಿ ಬರಬೇಕು!" ಎನ್ನುತ್ತಾರೆ. ಚೀಸು ಗೇಣುದ್ದ ಎಳೆಯುತ್ತಿತ್ತಂತೆ. ಇನ್ನೊಬ್ಬರಿಗೆ ಅದು ಮೊಳದುದ್ದವಾಗಿರುತ್ತದೆ. ಹೀಗೇ ಬಿಟ್ಟರೆ ಇನ್ನು ಹತ್ತು ವರ್ಷಕ್ಕೆ ಅದು ಬಾಗಿಲು ದಾಟಿ ಬಸ್‌ಸ್ಟಾಂಡಿನವರೆಗೂ ಎಳೆಯುತ್ತದೆ. ಇದೇ ಜನ, ದೊಡ್ಡ ಬೀದಿಯಲ್ಲಿ ಕೆಂಪು ಟೋಪಿ ಹುಡುಗರ ಹೊಸ ಪಿಜ್ಜಾ ಅಂಗಡಿ ತೆರೆದ ದಿನ ಬಿಸಿಲಲ್ಲಿ ಸಾಲು ನಿಂತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ಅವರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ಆ ಅಂಗಡಿಯ ಮಾತು ಬಂದಾಗಲೆಲ್ಲ ನಾನು ರೇಡಿಯೋ ಜೋರು ಮಾಡುತ್ತಿದ್ದೆ. ಅದಕ್ಕೆ ಕಾರಣವಿದೆ.

ನಾಲ್ಕು ವರ್ಷದ ಹಿಂದೆ, ಒಂದು ಶನಿವಾರ ಮಧ್ಯಾಹ್ನ ಎರಡೂವರೆ. ಬೆಳಗಿನಿಂದ ಬೆನ್ನು ನೆಟ್ಟಗೆ ಮಾಡಲೂ ಬಿಡುವಿರಲಿಲ್ಲ, ಹೊಟ್ಟೆ ಚುರುಗುಟ್ಟುತ್ತಿತ್ತು. ಕುರ್ಚಿಯಲ್ಲಿ ಒಬ್ಬರು ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ನಾನು ಫೋನ್ ಹಚ್ಚಿ "ಹಲೋ" ಎಂದೆ. "ಒಂದ್ನಿಮಿಷ ಇರಪ್ಪಾ" ಎಂದು ಫೋನಕ್ಕ "ರೀ!" ಎಂದು ಕೂಗಿದರು. ಒಳಗಿನಿಂದ ಮಾಮ ಎಂದಿನದು ಬಿಟ್ಟು ಬೇರೇನೋ ಅಂದರು, ಅಕ್ಕ ನಕ್ಕ ಹಾಗಾಯಿತು. ಆಮೇಲೆ ರಿಸೀವರು ಮರಕ್ಕೆ ಬಡಿದ ಸದ್ದು. ಆಮೇಲೆ ಬರಿಯ ಫ್ಯಾನಿನ ಗುರ್ರು. ನಾನು ಕಾದೆ. ಎಷ್ಟು ಕಾದೆನೆಂದರೆ, ಗ್ರಾಹಕರ ಕೆನ್ನೆಯ ಮೇಲಿನ ನೊರೆ ಒಣಗುವಷ್ಟು ಸಹ ಅಲ್ಲ, ಒಂದು ನಿಮಿಷ. ಅಷ್ಟಕ್ಕೇ ನನ್ನ ತಲೆ ಕೆಟ್ಟಿತು. "ಅಕ್ಕಾ! ಫೋನಿಟ್ಟು ಎಲ್ಲಿ ಹೋದ್ರಿ? ನಿಮ್ಮ ದಾರಿ ಕಾಯ್ಕೊಂಡು ಕೂರೋಕೆ ನಾನೇನು ನಿಮ್ಮ ಮನೆ ಆಳಾ? ಹಾಳಾಗ್ಲಿ ನಿಮ್ಮ ಪಿಜ್ಜಾ!" ಎಂದು ಕಿರುಚಿ ಫೋನು ಕುಕ್ಕಿದೆ. ಪಕ್ಕದ ಅಂಗಡಿಯಿಂದ ಎರಡು ಬನ್ನು ತರಿಸಿ ತಿಂದೆ.

ಸಂಜೆ ಸಲೂನಿಗೆ ಬಂದವರು ಹೇಳಿದರು. ಫೋನಕ್ಕ ಸ್ಟೂಲಿನಿಂದ ಕುಸಿದು ಬಿದ್ದು ಅಲ್ಲೇ ತೀರಿಹೋದರಂತೆ. ಕಾಗದ ಕೊಡಲು ಬಂದ ಪೋಸ್ಟಿನ ಹೆಂಗಸು ಕಂಡು ಚೀರಿಕೊಂಡಾಗಲೇ ಮಾಮ ತಿರುಗಿದ್ದಂತೆ. ರಿಸೀವರು ಕೌಂಟರಿನಿಂದ ಜೋತಾಡುತ್ತಿತ್ತಂತೆ.

ನಾನು ಯಾರಿಗೂ ಏನೂ ಹೇಳಲಿಲ್ಲ. ಸಾಯುತ್ತಿದ್ದ ಹೆಂಗಸಿನ ಕಿವಿಗೆ ಕೊನೆಗೆ ಬಿದ್ದದ್ದು ನನ್ನ ಬೈಗುಳ. ಎರಡು ನಿಮಿಷದ ದಾರಿ; ಫೋನು ಕುಕ್ಕುವ ಬದಲು ಎದ್ದು ಓಡಿದ್ದರೆ ಬದುಕುತ್ತಿದ್ದರೋ ಏನೋ. ಇದನ್ನು ಹೆಂಡತಿಗೆ ಮಾತ್ರ ಹೇಳಿದೆ. ಅವಳು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ಅವಳೂ ನನ್ನನ್ನು "ರೀ" ಎಂದೇ ಕರೆಯುವುದು. ಅಂದಿನಿಂದ ಅವಳು ಕರೆದರೆ ಎಲ್ಲಿದ್ದರೂ ಕೈಯಲ್ಲಿದ್ದದ್ದು ಬಿಟ್ಟು ಎದ್ದು ಹೋಗಿ ಎದುರಿಗೆ ನಿಲ್ಲುತ್ತೇನೆ. "ಉಪ್ಪಿನ ಡಬ್ಬ ಕೊಡಿ ಅನ್ನೋಕೆ ಕರೆದೆ, ಹೀಗೆ ಬೆಚ್ಚಿಬಿದ್ದು ಬರ್ತೀರಲ್ಲ" ಎಂದು ಅವಳು ನಗುತ್ತಾಳೆ, ಆಮೇಲೆ ನೆನಪಾಗಿ ಸುಮ್ಮನಾಗುತ್ತಾಳೆ.

ಪಿಜ್ಜಾ ಅಂಗಡಿ ಮತ್ತೆ ತೆರೆಯಲಿಲ್ಲ. ದನಿ ಗೊತ್ತಿದ್ದವರು ಹೋದರು, ಹಿಟ್ಟು ಗೊತ್ತಿದ್ದವರೊಬ್ಬರಿಂದ ಅದು ನಡೆಯುವ ಹಾಗಿರಲಿಲ್ಲ. ಇಪ್ಪತ್ತೇಳು ವರ್ಷ ಉಣ್ಣಿಸಿದ ಒಂದು ಮುಖವನ್ನೂ ಮಾಮ ನೋಡಿರಲಿಲ್ಲವಲ್ಲ.

ಕಳೆದ ವರ್ಷ ಒಬ್ಬ ಮುದುಕರು ನನ್ನ ಸಲೂನಿಗೆ ಬಂದರು. ಸಪೂರ ಮೈ, ದಪ್ಪ ಹುಬ್ಬು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ. ಈ ಮುಖವನ್ನು ನಾನೆಂದೂ ನೋಡಿಲ್ಲ ಎಂದುಕೊಂಡೆ. ಬೆಂಚಿನ ಮೇಲೆ ನಿವೃತ್ತ ಗಣಿತದ ಮೇಷ್ಟ್ರು ಕೂತಿದ್ದರು. ತಲೆಯಲ್ಲಿ ಹದಿನೇಳು ಕೂದಲಿದ್ದರೂ ವಾರಕ್ಕೊಮ್ಮೆ ಪೇಪರ್ ಓದಲು ಬರುವವರು. ಎಂದಿನಂತೆ ಶುರು ಮಾಡಿದರು. "ಏನಯ್ಯಾ, ಆ ಪಿಜ್ಜಾ ಅಂಗಡಿಯವನು ಸಾಸಿಗೆ ಏನು ಹಾಕ್ತಿದ್ದ ಗೊತ್ತಾ? ಜೇನುತುಪ್ಪ. ನನಗೆ ಅವನೇ ಕಿವೀಲಿ ಹೇಳಿದ್ದ."

"ಜೇನುತುಪ್ಪ ಹಾಕ್ತಿರಲಿಲ್ಲ" ಎಂದರು ಮುದುಕರು, ಮೆಲ್ಲಗೆ.

"ನಿಮಗೇನ್ರೀ ಗೊತ್ತು? ನಾನು ಇಪ್ಪತ್ತು ವರ್ಷದ ಗಿರಾಕಿ!"

ಮುದುಕರು ಮೇಷ್ಟ್ರನ್ನೇ ನೋಡಿದರು. ಆಮೇಲೆ ಪರೀಕ್ಷೆ ಬರೆಯುವವರ ಹಾಗೆ ಯೋಚಿಸಿ ಕೇಳಿದರು: "ಪಿಜ್ಜಾ ಹೇಳಿ ಆದ್ಮೇಲೆ, 'ಚೀಸ್ ಇನ್ನೊಂಚೂರು' ಅಂತಿದ್ರಾ?"

ಮೇಷ್ಟ್ರು ಬಾಯಿ ಬಿಟ್ಟುಕೊಂಡು ಕೂತರು. "ಹೌದು... ನಿಮಗೆ ಹೇಗೆ..."

"ಇನ್ನೊಂಚೂರು" ಎಂದು ಮುದುಕರು ತಮ್ಮಷ್ಟಕ್ಕೇ ಹೇಳಿಕೊಂಡು, ಕಳೆದುಹೋದ ವಸ್ತು ಸಿಕ್ಕ ಹಾಗೆ ಮುಗುಳುನಕ್ಕು, ಬಂದು ನನ್ನ ಕುರ್ಚಿಯಲ್ಲಿ ಕೂತರು. ನಾನು ಬಿಳಿ ಬಟ್ಟೆ ಹೊದಿಸಿ ಕಾಲರ್ ಒಳಕ್ಕೆ ಮಡಚಿದೆ. ಕತ್ತಿನ ಮೇಲೆ ಗೆರೆ. ಅದರ ಎಡಕ್ಕೆ ಮೆಣಸಿನಕಾಳು. ಕತ್ತರಿ ಜಾರಿ ನೆಲಕ್ಕೆ ಬಿತ್ತು.

"ಬೆನ್ನು ಮಾಮ!" ಎಂದೆ.

ಅವರು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕರು. "ಈ ಊರಲ್ಲಿ ನನ್ನ ಗುರುತು ಹಿಡಿದವನು ನೀನೇ ಮೊದಲು. ಮುಂದಿನಿಂದ ಯಾರೂ ಹಿಡಿಯಲ್ಲ. ನೀನು ಯಾರಪ್ಪಾ? ಏನು ತಗೋತಿದ್ದೆ?"

"ನಾನು... ನಾನು ಅಲ್ಲಿಗೆ ಅಷ್ಟಾಗಿ ಬರ್ತಿರಲಿಲ್ಲ ಮಾಮ" ಎಂದೆ. ಹಸಿ ಸುಳ್ಳು. ಹೇಳಿ ಮುಗಿಸುವ ಮೊದಲೇ ಕಿವಿ ಬಿಸಿಯಾಗಿತ್ತು.

ಆಮೇಲೆ ಮಾಮ ಹದಿನೈದು ದಿನಕ್ಕೊಮ್ಮೆ ಬರತೊಡಗಿದರು. ಅಷ್ಟರಲ್ಲಿ ಕತ್ತರಿಸುವಷ್ಟು ಕೂದಲು ಬೆಳೆದಿರುತ್ತಿರಲಿಲ್ಲ. ಅವರು ಬರುತ್ತಿದ್ದದ್ದು ಬೆಂಚಿನ ಮೇಲೆ ಕೂರಲು. ಬಂದವರು ಏನು ತಿನ್ನುತ್ತಿದ್ದರೆಂದು ಮೆಲ್ಲಗೆ ಕೆದಕಿ, ಅಕ್ಕ ಇಟ್ಟ ಹೆಸರಿಗೆ ಮುಖ ಜೋಡಿಸುವುದು. ಇಷ್ಟು ವರ್ಷ ಕಿವಿಯಲ್ಲಿ ಇಟ್ಟುಕೊಂಡಿದ್ದ ಹೆಸರುಗಳಿಗೆ ಈಗ ಮೂಗು, ಮೀಸೆ ಬರುತ್ತಿದ್ದವು. 'ತಣ್ಣಗಿದೆ' ವಕೀಲರು ಸಿಕ್ಕಿದ ದಿನ, ಅವರು ನಾನು ತರಿಸಿಕೊಟ್ಟ ಕಾಫಿಯನ್ನೂ "ಆರಿಹೋಗಿದೆಯಲ್ಲಯ್ಯಾ" ಎಂದಾಗ, ಮಾಮ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. 'ಪಾಲಾದವರ' ಪೈಕಿ ಗಂಡ ಮಾತ್ರ ಸಿಕ್ಕ. ಇನ್ನೂ ಜೊತೆಯಲ್ಲೇ ಇದ್ದಾರೆ, ಇನ್ನೂ ಕಿತ್ತಾಡುತ್ತಾರೆ ಎಂದು ಕೇಳಿ ಮಾಮನಿಗೆ ಬಲು ಸಮಾಧಾನವಾಯಿತು. ಒಬ್ಬೊಬ್ಬರು ಸಿಕ್ಕಾಗಲೂ, "ಅವಳು ಸರಿಯಾಗೇ ಇಟ್ಟಿದ್ಲು ನೋಡು ಹೆಸರು" ಎನ್ನುತ್ತಿದ್ದರು. ಆದರೆ ಮಾತಿನ ಕೊನೆಗೆ ಎಲ್ಲರನ್ನೂ ಒಂದು ಪ್ರಶ್ನೆ ಕೇಳದೇ ಬಿಡುತ್ತಿರಲಿಲ್ಲ: "ನೀವು ಕೊನೇ ಸಲ ಫೋನ್ ಮಾಡಿದ್ದು ಯಾವತ್ತು?"

ಒಂದು ದಿನ ಅಂಗಡಿ ಖಾಲಿಯಿತ್ತು. ನಾನು ತಡೆಯಲಾರದೆ ಕೇಳಿದೆ. "ಯಾರನ್ನ ಹುಡುಕ್ತಿದೀರಾ ಮಾಮ?"

ಅವರು ಕುರ್ಚಿಯಲ್ಲಿ ಕೂತೇ ಹೇಳಿದರು. ನಾನು ಹಿಂದೆ ನಿಂತು ಬಾಚಣಿಗೆ ಆಡಿಸುತ್ತಾ ಕೇಳಿದೆ.

"ಅವತ್ತು ಬೆಳಗ್ಗೆ ನಮಗಿಬ್ಬರಿಗೂ ಜಗಳ ಆಗಿತ್ತಪ್ಪ. ಆ ಫ್ಯಾನಿನ ವಿಷಯ. ಸದ್ದು ಜಾಸ್ತಿ ಆಗಿದೆ, ಕೂಗಿ ಕೂಗಿ ಗಂಟಲು ಹೋಗತ್ತೆ, ಬದಲಾಯಿಸಿ ಅಂತ ಅವಳು. ಇನ್ನೊಂದು ವರ್ಷ ನಡೀತದೆ ಅಂತ ನಾನು. ಸಣ್ಣ ವಿಷಯ. ಆದರೆ ನಾನು ಮುನಿಸಿಕೊಂಡ್ರೆ ಮಾತು ಬಿಡೋನು. ಅವಳು 'ರೀ' ಅಂದ್ರೆ 'ಹೇಳೇ' ಅಂತಿರಲಿಲ್ಲ, ಸುಮ್ನೆ ಕೈ ಎತ್ಕೊಂಡು ನಿಂತಿರ್ತಿದ್ದೆ. ಅವಳು ಹೆಸರು ಹೇಳೋಳು, ನಾನು ಮಾಡೋನು. ಬೆಳಗ್ಗೆಯಿಂದ ಹಾಗೇ ನಡೀತಿತ್ತು."

"ಆಮೇಲೆ?"

"ಮಧ್ಯಾಹ್ನ 'ರೀ' ಅಂದ್ಲು. ನಾನು ಹಿಟ್ಟು ಹಾಕಿ ಕೈ ಎತ್ತಿದೆ. ಹೆಸರು ಬರಲಿಲ್ಲ. ಫೋನಲ್ಲಿ ಮಾತಾಡ್ತಿದಾಳೆ ಅಂದ್ಕೊಂಡೆ. ಕಾದೆ. ತಿರುಗಲಿಲ್ಲ. ತಿರುಗೋ ಅಭ್ಯಾಸವೇ ಇರಲಿಲ್ಲವಲ್ಲಪ್ಪ, ಮುಂದಿನದೆಲ್ಲ ಅವಳದು, ಹಿಂದಿನದೆಲ್ಲ ನನ್ನದು. ಹಿಟ್ಟಿನ ಮೇಲೆ ಪೊರೆ ಕಟ್ಟೋವರೆಗೂ ಕೈ ಎತ್ಕೊಂಡು ನಿಂತಿದ್ದೆ. ಅವಳು ನನ್ನ ಬೆನ್ನ ಹಿಂದೆ, ನಾಲ್ಕು ಮೊಳದಲ್ಲಿ ಬಿದ್ದಿದ್ಲು." ಮಾಮ ಕನ್ನಡಿಯಲ್ಲಿ ನನ್ನ ಕಡೆ ನೋಡಿದರು. "ನನಗೆ ಗೊತ್ತಾಗಬೇಕಿರೋದು ಇಷ್ಟೇ. ಆ 'ರೀ'ಗೆ ನಾನು ಓಗೊಟ್ಟೆನೋ ಇಲ್ವೋ. ಅಷ್ಟರಲ್ಲಿ ಮುನಿಸು ಬಿಟ್ಟಿದ್ದೆ ಅಂತ ಒಂದ್ಸಲ ಅನ್ಸತ್ತೆ, ಇಲ್ಲ ಅಂತ ಒಂದ್ಸಲ. ಜೀವಮಾನವೆಲ್ಲ ಅದೇ ಮಾತು ಆಡಿದೀನಿ, ಅದರಲ್ಲಿ ಆ ಒಂದು ಇತ್ತೋ ಇಲ್ವೋ ಹೇಗೆ ನೆನಪಿರತ್ತೆ? ಅವಳನ್ನ ಹಾಗೆ ಕಂಡ ಮೇಲೆ ಅದಕ್ಕೆ ಮುಂಚಿನ ಮಾತೆಲ್ಲ ಕಲಸಿಹೋಗಿದೆ. ಫೋನಿನ ಆ ಕಡೆ ಯಾರಿದ್ರೋ ಅವರಿಗೆ ಕೇಳಿಸಿರತ್ತೆ. ಅವಳು ಕರೆದು, ಉತ್ತರ ಸಿಗದೇ ಹೋದ್ಲಾ? ಅದೊಂದು ಗೊತ್ತಾದ್ರೆ ಸಾಕು."

ನನ್ನ ಕೈಯಲ್ಲಿದ್ದ ಬಾಚಣಿಗೆ ನಿಂತುಹೋಗಿತ್ತು. ಹೇಳಿಬಿಡು, ಹೇಳಿಬಿಡು ಎಂದು ಒಳಗೆ ಒಂದೇ ಸಮನೆ ಕೂಗುತ್ತಿತ್ತು. ಆದರೆ ಅದನ್ನು ಹೇಳಿದರೆ ಉಳಿದದ್ದನ್ನೂ ಹೇಳಬೇಕು. 'ಹಾಳಾಗ್ಲಿ ನಿಮ್ಮ ಪಿಜ್ಜಾ' ಎಂದದ್ದನ್ನೂ. ಮೊದಲ ದಿನ ಮುಖ ನೋಡಿ ಸುಳ್ಳು ಹೇಳಿದ್ದನ್ನೂ. ಅಷ್ಟರಲ್ಲಿ ಯಾರೋ ಶೇವಿಂಗಿಗೆ ಬಂದರು. ಅವರ ಮೇಲೆ ನನಗೆ ಹುಟ್ಟಿದ ಪ್ರೀತಿ ಅಷ್ಟಿಷ್ಟಲ್ಲ. ಹೇಡಿಗೆ ಅಷ್ಟು ನೆಪ ಸಾಕು.

ಎರಡು ತಿಂಗಳು ಹೀಗೇ ಕಳೆದೆ. ಮಾಮ ಬರುತ್ತಿದ್ದರು, ಕೂರುತ್ತಿದ್ದರು, ಕೇಳುತ್ತಿದ್ದರು. ಪ್ರತಿ ಹೊಸ ಗಿರಾಕಿ ಬಂದಾಗಲೂ ಅವರ ಕಣ್ಣು ಅರಳುವುದು, ಪ್ರಶ್ನೆ ಕೇಳಿದ ಮೇಲೆ ಮತ್ತೆ ಮುದುಡುವುದು, ಎರಡನ್ನೂ ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಒಂದು ದಿನ ಹೆಂಡತಿ ಬಟ್ಟೆ ಹೊಲಿಯುತ್ತಾ, ತಲೆ ಎತ್ತದೇ ಹೇಳಿದಳು: "ನಿಮ್ಮ ಮಾನದ ಭಾರ ಆ ಮುದುಕರ ತಲೆ ಮೇಲೆ ಯಾಕೆ ಹೊರಿಸ್ತೀರಾ?" ನಾನು ಎದ್ದು ಹೊರಗೆ ಹೋದೆ. ಅವಳ ಮಾತು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಜೊತೆಗೇ ಬಂತು.

ಮುಂದಿನ ವಾರ ಮಾಮ ಮಗಳ ಜೊತೆ ಬಂದರು. ಮಗಳು ಆಸ್ಪತ್ರೆಯಲ್ಲಿ ನರ್ಸು, ಅಪ್ಪ ಅವಳ ಮನೆಯಲ್ಲೇ ಇರುವುದು. ಅವಳಿಗೆ ಬೇರೆ ಊರಿಗೆ ವರ್ಗವಾಗಿತ್ತು. "ನಾಳೆ ಸಾಮಾನು ಹೊರಡತ್ತೆ, ಅಣ್ಣ. ಅಪ್ಪನಿಗೆ ಒಂದು ಕೊನೇ ಕಟಿಂಗ್ ಮಾಡಿಬಿಡಿ" ಎಂದಳು.

ಮಾಮ ಕುರ್ಚಿಯಲ್ಲಿ ಕೂತರು. "ಅವರು ಸಿಗಲೇ ಇಲ್ಲ ಕಣಪ್ಪಾ" ಎಂದರು. "ಹೆಸರುಗಳಲ್ಲಿ ಇನ್ನು ನಾಲ್ಕೈದು ಉಳ್ಕೊಂಡಿವೆ. ಆ ಕೊನೇ ಫೋನಿನವರು ಊರು ಬಿಟ್ಟೋದ್ರೋ ಏನೋ. ಹೋಗ್ಲಿ ಬಿಡು."

ನಾನು ಬಿಳಿ ಬಟ್ಟೆ ಹೊದಿಸಿದೆ. ಕುರ್ಚಿಯನ್ನು ಕನ್ನಡಿಯ ಕಡೆಯಿಂದ ಗೋಡೆಯ ಕಡೆಗೆ ತಿರುಗಿಸಿದೆ. ಅವರ ಮುಖ ನೋಡಿಕೊಂಡು ಹೇಳುವ ಧೈರ್ಯ ನನಗಿರಲಿಲ್ಲ. ಇಷ್ಟು ವರ್ಷ ನಮ್ಮ ವ್ಯವಹಾರ ಅವರ ಬೆನ್ನಿನ ಜೊತೆ ನಡೆದದ್ದು, ಇದೂ ಹಾಗೇ ನಡೆಯಲಿ ಎಂದುಕೊಂಡೆ.

"ಆ ಫೋನು ಮಾಡಿದ್ದು ನಾನು, ಮಾಮ."

ಮಗಳು ಬೆಂಚಿನಿಂದ ತಲೆ ಎತ್ತಿದಳು. ಮಾಮನ ಕತ್ತು ಅಲುಗಲಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಕಾದದ್ದು ಒಂದೇ ನಿಮಿಷ ಎಂದೆ. ಆಡಿದ ಮಾತನ್ನು ಒಂದಕ್ಷರ ಬಿಡದೇ ಆಡಿ ತೋರಿಸಿದೆ. ಎದ್ದು ಬರಬೇಕಿತ್ತು, ಬರಲಿಲ್ಲ ಎಂದೆ. ಮಗಳು ಎದ್ದು ಬಂದು, ನನ್ನನ್ನು ಬೈಯುತ್ತಾಳೆಂದುಕೊಂಡರೆ, "ನೀವು ಓಡಿ ಬಂದಿದ್ರೂ ಅಷ್ಟೇ, ಅಣ್ಣ. ಅಮ್ಮನಿಗೆ ನೆಲಕ್ಕೆ ಬಿದ್ದದ್ದೂ ಗೊತ್ತಾಗಿಲ್ಲ. ಡಾಕ್ಟರು ಅವತ್ತೇ ಹೇಳಿದ್ರು. ನಿಮ್ಮ ಬೈಗುಳ ಯಾರಿಗೂ ಕೇಳಿಸಿಲ್ಲ" ಎಂದಳು. ಇಷ್ಟು ವರ್ಷ ಹೊತ್ತಿದ್ದ ಮೂಟೆಯನ್ನು ಆ ಹುಡುಗಿ ಎರಡು ಮಾತಿನಲ್ಲಿ ಇಳಿಸಿಬಿಟ್ಟಳು.

ಮಾಮ ಇನ್ನೂ ಗೋಡೆ ನೋಡುತ್ತಾ ಕೂತಿದ್ದರು. "ನಾನು ಓಗೊಟ್ಟೆನಾ?" ಎಂದು ಕೇಳಿದರು.

"ಓಗೊಟ್ರಿ, ಮಾಮ."

"ನನ್ನ ಸಮಾಧಾನಕ್ಕೆ ಹೇಳ್ತಿದೀಯಾ. ಇಷ್ಟು ದಿನ ಸುಮ್ಮನಿದ್ದೋನು ಈಗ ನಾನು ಹೊರಡ್ತೀನಿ ಅಂತ ಕನಿಕರಕ್ಕೆ ಹೇಳ್ತಿದೀಯಾ."

ನಾನು ಕಣ್ಣು ಮುಚ್ಚಿದೆ. ಆ ಮಧ್ಯಾಹ್ನದ ಫ್ಯಾನಿನ ಗುರ್ರು ಕಿವಿಯಲ್ಲೇ ಇತ್ತು, ಅದು ಎಲ್ಲಿಗೂ ಹೋಗಿರಲಿಲ್ಲ. "ಅಕ್ಕ 'ರೀ' ಅಂದ್ರು. ನೀವು ಒಂಚೂರು ತಡ ಮಾಡಿದ್ರಿ. ಆಮೇಲೆ 'ಹೇಳೇ' ಅನ್ನಲಿಲ್ಲ, ಬೇರೆ ಏನೋ ಅಂದ್ರಿ. ಅದಕ್ಕೇ ನನಗೆ ನೆನಪಿದೆ. 'ಅಪ್ಪಣೆ ಆಗ್ಲಿ ಮಹಾತಾಯಿ, ನಾಳೆ ಹೊಸ ಫ್ಯಾನು ತರ್ತೀನಿ' ಅಂದ್ರಿ. ಅಕ್ಕ ನಕ್ಕರು. ನಗು ಪೂರ್ತಿ ಆಗಲಿಲ್ಲ. ಆಮೇಲೆ ಫೋನು ಬಿತ್ತು."

ಮಾಮನ ಹೆಗಲು ಅಲುಗಿದವು. ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. "ಅಮ್ಮನ ಹತ್ರ ಸೋಲು ಒಪ್ಪಿಕೊಳ್ಳೋವಾಗ ಮಾತ್ರ ಅಪ್ಪ ಹಾಗನ್ನೋದು" ಎಂದು ಅವಳು ನನಗೆ ಹೇಳಿದಳು. "ಮನೆಯಾಚೆ ಯಾರಿಗೂ ಅದು ಗೊತ್ತಿಲ್ಲ."

ಬಾಗಿಲು ತಳ್ಳಿಕೊಂಡು ಬಂದ ಮೇಷ್ಟ್ರು, ನಮ್ಮ ಮೂವರ ಅವತಾರ ನೋಡಿ, ಜನ್ಮದಲ್ಲಿ ಮೊದಲ ಸಲ ಮಾತಾಡದೇ ವಾಪಸು ಹೋದರು. ನಾನು ಕತ್ತರಿ ತೆಗೆದುಕೊಂಡು ಕತ್ತಿನ ಮೇಲಿನ ನಾಲ್ಕು ಬಿಳಿ ಕೂದಲನ್ನು ಸಮ ಮಾಡಿದೆ. ದಾರದ ಗೆರೆಯನ್ನು, ಮಚ್ಚೆಯನ್ನು ಕೊನೆಯ ಸಲ ನೋಡಿಕೊಂಡೆ. ಬ್ರಶ್ಶಿನಿಂದ ಕತ್ತು ಒರೆಸಿ, ಬಟ್ಟೆಯ ಗಂಟು ಬಿಚ್ಚಲು ಕೈ ಹಾಕಿದಾಗ ಮಾಮ "ತಾಳು" ಎಂದರು.

"ಅವಳು ಹೆಸರು ಹೇಳೋದು ಉಳಿದುಬಿಡ್ತು" ಎಂದರು. "ನಾನು ಕೇಳಿದೆ, ಅವಳು ಹೇಳಲಿಲ್ಲ. ಯಾರದ್ದಿತ್ತಪ್ಪ ಆರ್ಡರ್?"

"ಹನ್ನೊಂದು ಆಲಿವ್, ಮಾಮ."

ಬಿಳಿ ಬಟ್ಟೆಯ ಕೆಳಗೆ ಎತ್ತಿ ಹಿಡಿದಿದ್ದ ಅವರ ಬಲಗೈ ಮೆಲ್ಲಗೆ ಕೆಳಗಿಳಿದು ತೊಡೆಯ ಮೇಲೆ ಕೂತಿತು.

"ಆಯ್ತು" ಎಂದರು ಮಾಮ.